ಬಿಟ್‌ಲಾಕರ್ ಬೀಗ ಬಿದ್ದ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನಿಂದ ತಾಳಮದ್ದಳೆಯ ಧ್ವನಿಮುದ್ರಣಗಳನ್ನು ಹೊರತೆಗೆಯಬಹುದೇ?

ಸೋಂದಾ_ವಾಸಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯ ನಿವೃತ್ತ ಗಣಿತ ಮಾಸ್ತರರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಎಲ್ಲೇ ತಾಳಮದ್ದಳೆ ನಡೆದರೂ ಕ್ಯಾಸೆಟ್ಟಿನ ಕಾಲದಿಂದಲೂ ಹೋಗಿ ಮುದ್ರಿಸಿಕೊಂಡು ಬಂದವರು. ಮಳೆಗಾಲದ ಥಂಡಿಗೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯತೊಡಗಿದಾಗ ಅವನ್ನೆಲ್ಲ ಕುಳಿತು ಲ್ಯಾಪ್‌ಟಾಪಿಗೆ ಇಳಿಸಿದ್ದರು. ಇಳಿಸಿದ ಮೇಲೆ ಹಾಳಾದ ಕ್ಯಾಸೆಟ್ಟುಗಳನ್ನು ಇಟ್ಟುಕೊಳ್ಳಲಿಲ್ಲ. ಈಗ ಬದುಕಿಲ್ಲದ ಎಷ್ಟೋ ಅರ್ಥಧಾರಿಗಳ, ಭಾಗವತರ ದನಿ ಆ ಒಂದು ಡಿಸ್ಕಿನಲ್ಲಿ ಮಾತ್ರ ಇದೆ.

ಈ ಮಳೆಗಾಲದಲ್ಲಿ ಸಿಡಿಲು ಹೊಡೆದ ರಾತ್ರಿ ಚಾರ್ಜಿಗೆ ಹಾಕಿದ್ದ ಲ್ಯಾಪ್‌ಟಾಪ್ ಕೆಟ್ಟಿತು. ರಿಪೇರಿಗೆ ಕೊಟ್ಟ ಅಂಗಡಿಯವರು ಮದರ್‌ಬೋರ್ಡ್ ಬದಲಿಸಿದರು, ಜೊತೆಗೆ ನಮ್ಮನ್ನು ಕೇಳದೆ ಎಸ್‌ಎಸ್‌ಡಿಯ ಮೇಲೆ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟರು. ಧ್ವನಿಮುದ್ರಣಗಳಿರುವುದು ಅದೇ ಲ್ಯಾಪ್‌ಟಾಪಿನೊಳಗಿನ ಇನ್ನೊಂದು ಡಿಸ್ಕಿನಲ್ಲಿ, ಅಂದರೆ 1 ಟಿಬಿಯ ಹಾರ್ಡ್ ಡಿಸ್ಕಿನ ಡಿ ಡ್ರೈವಿನಲ್ಲಿ. ಅದನ್ನು ಅವರು ಮುಟ್ಟಿಲ್ಲ. ಆದರೆ ಈಗ ಡಿ ಡ್ರೈವಿನ ಮೇಲೆ ಬೀಗದ ಚಿತ್ರ ಕಾಣುತ್ತಿದ್ದು, ತೆರೆಯಹೋದರೆ 48 ಅಂಕೆಗಳ ರಿಕವರಿ ಕೀ ಕೇಳುತ್ತದೆ. ನಮ್ಮ ಮನೆಯಲ್ಲಿ ಯಾರೂ ಯಾವತ್ತೂ ಇಂಥ ಬೀಗ ಹಾಕಿದವರಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡದೆ ಬೇರೆ ದಾರಿಯಿಲ್ಲ ಎನ್ನುತ್ತಾರೆ. ಪೇಟೆಯಲ್ಲಿ ಮತ್ತೊಬ್ಬರು ತಮ್ಮಲ್ಲಿ ಬೀಗ ಒಡೆಯುವ ಸಾಫ್ಟ್‌ವೇರ್ ಇದೆ, ಮುಂಗಡ ಕೊಟ್ಟರೆ ತೆಗೆದುಕೊಡುತ್ತೇವೆ ಎನ್ನುತ್ತಾರೆ. ಇದರ ಮೇಲೆ ಡಿಸ್ಕ್ ಕೂಡ ನಿಧಾನವಾಗಿದೆ. ಶಬ್ದವೇನೂ ಬರುವುದಿಲ್ಲ, ಆದರೆ ಆ ಡ್ರೈವಿನ ಮೇಲೆ ಕ್ಲಿಕ್ ಮಾಡಿದೊಡನೆ ಇಡೀ ಕಂಪ್ಯೂಟರು ಕೆಲ ಹೊತ್ತು ಅಲುಗಾಡದೆ ನಿಂತುಬಿಡುತ್ತದೆ.

ಬೀಗ ಒಡೆಯುವ ಸಾಫ್ಟ್‌ವೇರ್ ನಿಜಕ್ಕೂ ಇದೆಯೇ? ಇಲ್ಲವಾದರೆ ಆ ಕೀಯನ್ನು ಎಲ್ಲಿ ಹುಡುಕಬೇಕು? ತಿಳಿದವರು ದಯವಿಟ್ಟು ಹೇಳಿ. ಅಪ್ಪಯ್ಯ ಬಾಯಿಬಿಟ್ಟು ಏನೂ ಹೇಳುತ್ತಿಲ್ಲ, ಊಟ ಮಾತ್ರ ಅರ್ಧಕ್ಕೇ ಬಿಟ್ಟು ಏಳುತ್ತಾರೆ.

ಶರಾವತಿ_ದಂಡೆ (ಹೊನ್ನಾವರ)

ಮಾನ್ಯರೆ, ಮೊದಲನೆಯ ಮಾತು: ಮುಂಗಡ ಕೊಡಬೇಡಿ, ಯಾರಿಗೂ ಫಾರ್ಮ್ಯಾಟ್ ಮಾಡಲು ಬಿಡಬೇಡಿ, ಮತ್ತು ಇದನ್ನು ಓದಿದ ಕೂಡಲೇ ಆ ಲ್ಯಾಪ್‌ಟಾಪನ್ನು ಆಫ್ ಮಾಡಿ ಇಡಿ. ನಿಮ್ಮ ಮುಂದೆ ಎರಡು ಬೇರೆ ಬೇರೆ ತೊಂದರೆಗಳಿವೆ. ಒಂದು ಕೀ ಇಲ್ಲದಿರುವುದು, ಇನ್ನೊಂದು ಡಿಸ್ಕ್ ಸೊರಗುತ್ತಿರುವುದು. ಕೀ ಹುಡುಕುವ ಕೆಲಸಕ್ಕೆ ಡಿಸ್ಕ್ ಓಡುತ್ತಿರಬೇಕಾದ ಅಗತ್ಯವೇ ಇಲ್ಲವಾದ್ದರಿಂದ ಹುಡುಕುವಷ್ಟು ಕಾಲ ಅದಕ್ಕೆ ವಿಶ್ರಾಂತಿ ಕೊಡುವುದು ಒಳ್ಳೆಯದು. ಆಫ್ ಮಾಡುವ ಮುನ್ನ ಒಂದೇ ಒಂದು ಕೆಲಸ ಮಾಡಿ: ಕೀ ಕೇಳುವ ಪರದೆಯಲ್ಲಿ 'ಕೀ ಐಡಿ' ಎಂದು ಎಂಟು ಅಕ್ಷರ–ಅಂಕೆಗಳು ಕಾಣುತ್ತವೆ, ಅವನ್ನು ಬರೆದುಕೊಳ್ಳಿ. ಅದು ಗುಟ್ಟಿನ ವಿಷಯವಲ್ಲ. ಯಾವ ಕೀ ಯಾವ ಡ್ರೈವಿನದು ಎಂದು ಗುರುತಿಸಲಿಕ್ಕಷ್ಟೇ ಅದು ಇರುವುದು.

ಬೀಗವನ್ನು ಯಾರೂ ಹಾಕಲಿಲ್ಲ ಎಂದಿರಿ. ಅದು ನಿಜವೇ ಇರಬೇಕು. ವಿಂಡೋಸ್ 10 ಮತ್ತು 11ರ ಹೋಮ್ ಆವೃತ್ತಿಯಲ್ಲಿ 'ಡಿವೈಸ್ ಎನ್‌ಕ್ರಿಪ್ಷನ್' ಎಂಬ ಏರ್ಪಾಡಿದೆ. ಯಂತ್ರದಲ್ಲಿ ಟಿಪಿಎಂ ಚಿಪ್ (ಬೀಗದಕೈಗಳನ್ನು ಕಾಪಾಡುವ ಚಿಪ್) ಮತ್ತು ಅಗತ್ಯವಾದ ಇತರ ಸೌಲಭ್ಯಗಳಿದ್ದರೆ, ಮೊದಲ ಬಾರಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಬಂದಾಗ ಅದು ತಾನಾಗಿಯೇ ಜಾರಿಗೆ ಬಂದು, ವಿಂಡೋಸ್ ಇರುವ ಡ್ರೈವನ್ನೂ ಒಳಗಿನ ಇತರ ಡ್ರೈವುಗಳನ್ನೂ ಬಿಟ್‌ಲಾಕರ್ ಎಂಬ ವಿಂಡೋಸಿನದೇ ಬೀಗದ ವಿಧಾನದಲ್ಲಿ ಎನ್‌ಕ್ರಿಪ್ಟ್ ಮಾಡುತ್ತದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಗೂಢಗೊಳಿಸುತ್ತದೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಇದಕ್ಕಿದ್ದ ಯಂತ್ರದ ಷರತ್ತುಗಳನ್ನು ಸಡಿಲಿಸಿದ್ದರಿಂದ, ಈಗ ಹೊಸದಾಗಿ ವಿಂಡೋಸ್ ಹಾಕಿಸಿಕೊಳ್ಳುವ ಇನ್ನೂ ಹೆಚ್ಚು ಮನೆಗಳಲ್ಲಿ ಹೀಗೆ ಬೀಗ ಬೀಳುತ್ತಿದೆ. ಬಳಸುವವರಿಗೆ ಇದು ತಿಳಿಯುವುದು ಯಂತ್ರ ಕೆಟ್ಟ ಮೇಲೆಯೇ. ಇಷ್ಟು ದೊಡ್ಡ ಸಂಗತಿಯನ್ನು ಮನೆಯವರಿಗೆ ಎದ್ದು ಕಾಣುವಂತೆ ಹೇಳದೆ ಮಾಡುವುದು ನನಗಂತೂ ಸರಿಯೆನಿಸುವುದಿಲ್ಲ.

ಇದುವರೆಗೆ ಡಿ ಡ್ರೈವ್ ಏಕೆ ತೆರೆಯುತ್ತಿತ್ತು ಎಂದರೆ, ಅದರ ಬೀಗದಕೈ ಸಿ ಡ್ರೈವಿನಲ್ಲಿತ್ತು, ಸಿ ಡ್ರೈವಿನ ಬೀಗದಕೈ ಮದರ್‌ಬೋರ್ಡಿನ ಟಿಪಿಎಂ ಚಿಪ್ಪಿನಲ್ಲಿತ್ತು; ಕಪಾಟಿನ ಬೀಗದಕೈಯನ್ನು ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಾಗೆ. ಬೋರ್ಡ್ ಬದಲಾದಾಗ ಚಿಪ್ ಹೋಯಿತು, ವಿಂಡೋಸ್ ಹೊಸದಾಗಿ ಹಾಕಿದಾಗ ಸಿ ಡ್ರೈವಿನಲ್ಲಿದ್ದುದೂ ಅಳಿಯಿತು. ಈಗ ಉಳಿದಿರುವುದು 48 ಅಂಕೆಗಳ ರಿಕವರಿ ಕೀ ಒಂದೇ.

ಅದನ್ನು ಊಹೆಯಿಂದ ಕಂಡುಹಿಡಿಯಲು ಯಾವ ಸಾಫ್ಟ್‌ವೇರಿಗೂ ಸಾಧ್ಯವಿಲ್ಲ. ಆ ಕೀಯಲ್ಲಿ ಅಡಗಿರುವುದು 128 ಬಿಟ್‌ಗಳ ಸಂಖ್ಯೆ. ಅಂದರೆ ಪ್ರಯತ್ನಿಸಬೇಕಾದ ಸಾಧ್ಯತೆಗಳ ಎಣಿಕೆಯೇ 39 ಅಂಕೆಗಳಷ್ಟು ಉದ್ದವಾಗುತ್ತದೆ. ಮನುಷ್ಯರು ಇಟ್ಟ ಪಾಸ್‌ವರ್ಡ್ ಆಗಿದ್ದರೆ ಊರು, ಮನೆದೇವರು, ಹುಟ್ಟಿದ ಇಸವಿ ಎಂದು ಊಹಿಸುವ ಸಾಫ್ಟ್‌ವೇರುಗಳಿವೆ. ಓಡುತ್ತಿರುವ ಯಂತ್ರದ ಮೆಮೊರಿಯಿಂದ ಕೀಯನ್ನು ಎತ್ತಿಕೊಳ್ಳುವ ಪರಿಣತರೂ ಇದ್ದಾರೆ. ನಿಮ್ಮ ಡ್ರೈವಿಗೆ ಪಾಸ್‌ವರ್ಡೂ ಇಲ್ಲ, ಹಳೆಯ ಯಂತ್ರವೂ ಇಲ್ಲ. 'ಬಿಟ್‌ಲಾಕರ್ ರಿಕವರಿ' ಎಂದು ಹೆಸರಿಟ್ಟುಕೊಂಡ ಪ್ರಾಮಾಣಿಕ ಸಾಫ್ಟ್‌ವೇರುಗಳೆಲ್ಲ ಮೊದಲ ಪರದೆಯಲ್ಲಿಯೇ ಕೀ ಕೇಳುತ್ತವೆ. ಮೈಕ್ರೋಸಾಫ್ಟ್ ಸಹಾಯ ಕೇಂದ್ರದವರು ಕೂಡ ಕಳೆದುಹೋದ ಕೀಯನ್ನು ಮತ್ತೆ ಹುಟ್ಟಿಸಿಕೊಡಲಾರರು.

ಆದ್ದರಿಂದ ಹುಡುಕಬೇಕಾದದ್ದು ಸಾಫ್ಟ್‌ವೇರನ್ನಲ್ಲ, ಮನುಷ್ಯರನ್ನು. ಈ ಲ್ಯಾಪ್‌ಟಾಪ್ ಮನೆಗೆ ಬಂದ ದಿನ ಅದನ್ನು ಮೊದಲು ತೆರೆದು, ಹೆಸರು, ಇಮೇಲ್ ಹಾಕಿ ಸಿದ್ಧಗೊಳಿಸಿದವರು ಯಾರು? ಬೀಗ ತಾನಾಗಿ ಬಿದ್ದಾಗ ರಿಕವರಿ ಕೀ ಹೋಗಿ ಸೇರುವುದು ಆ ವ್ಯಕ್ತಿಯ ಮೈಕ್ರೋಸಾಫ್ಟ್ ಖಾತೆಗೆ. ನಮ್ಮ ಕಡೆ ಹಿರಿಯರ ಲ್ಯಾಪ್‌ಟಾಪನ್ನು ಸಿದ್ಧಗೊಳಿಸುವವರು ಹಬ್ಬಕ್ಕೆ ಊರಿಗೆ ಬಂದ ಮಗ, ಮಗಳು, ಅಳಿಯ, ಇಲ್ಲವೇ ಮಾರಿದ ಅಂಗಡಿಯ ಹುಡುಗ. ಹಾಗಾಗಿ ಅಪ್ಪಯ್ಯನವರ ಇಮೇಲ್ ಒಂದನ್ನೇ ನೋಡಿ ಕೈಚೆಲ್ಲಬೇಡಿ. ಮನೆಯ ಪ್ರತಿಯೊಬ್ಬರೂ ತಮ್ಮ ತಮ್ಮ ಖಾತೆಯಿಂದ ಒಳಹೋಗಿ, ಮೈಕ್ರೋಸಾಫ್ಟ್ ಖಾತೆಯ ಸಾಧನಗಳ ಪುಟದಲ್ಲಿ ಬಿಟ್‌ಲಾಕರ್ ಕೀಗಳ ಪಟ್ಟಿಯನ್ನು ತೆರೆದು ನೋಡಲಿ. ಅಲ್ಲಿ ಒಂದೇ ಲ್ಯಾಪ್‌ಟಾಪಿನ ಹೆಸರಿನಲ್ಲಿ ಎರಡು ಕೀ ಕಂಡರೆ ಗಾಬರಿಯಾಗಬೇಡಿ. 'ಒಎಸ್‌ವಿ' ಎಂದಿರುವುದು ವಿಂಡೋಸ್ ಇದ್ದ ಡ್ರೈವಿನದು, 'ಎಫ್‌ಡಿವಿ' ಎಂದಿರುವುದು ದತ್ತಾಂಶದ ಡ್ರೈವಿನದು. ನಿಮಗೆ ಬೇಕಾದುದು ಎರಡನೆಯದು. ಕೀ ಐಡಿ ತಾಳೆಯಾಗದ ಕೀಯನ್ನು ಎಷ್ಟು ಬಾರಿ ಹಾಕಿದರೂ ಉಪಯೋಗವಿಲ್ಲ.

ಖಾತೆಯ ಪಾಸ್‌ವರ್ಡ್ ಮರೆತಿದ್ದರೆ, ಅದಕ್ಕೆ ಜೋಡಿಸಿದ್ದ ಹಳೆಯ ಮೊಬೈಲ್ ನಂಬರು ಈಗ ಇಲ್ಲದಿದ್ದರೆ ಸ್ವಲ್ಪ ತಾಳ್ಮೆ ಬೇಕಾಗುತ್ತದೆ: ಭದ್ರತಾ ವಿವರಗಳನ್ನೆಲ್ಲ ಬದಲಿಸಿದಾಗ 30 ದಿನ ಕಾಯಿಸುತ್ತಾರೆ. ಎರಡು ವರ್ಷ ಒಮ್ಮೆಯೂ ಬಳಸದ ಖಾತೆಯನ್ನು ಮುಚ್ಚಿಬಿಡುವ ನಿಯಮವೂ ಇರುವುದರಿಂದ ಈ ಕೆಲಸವನ್ನು ನಾಳೆಗೆ ಮುಂದೂಡಬೇಡಿ. ಖಾತೆಯಲ್ಲಿ ಇಲ್ಲವಾದರೆ ಹಳೆಯ ಪೆನ್‌ಡ್ರೈವ್‌ಗಳಲ್ಲಿ ಬಿಟ್‌ಲಾಕರ್ ಎಂಬ ಹೆಸರಿನಿಂದ ಶುರುವಾಗುವ ಟೆಕ್ಸ್ಟ್ ಫೈಲ್ ಇದೆಯೇ ನೋಡಿ. ಬಿಲ್ಲು, ವಾರಂಟಿ ಕಾಗದಗಳಿರುವ ಫೈಲಿನಲ್ಲಿ ಮುದ್ರಿಸಿದ ಹಾಳೆ ಇದೆಯೇ ನೋಡಿ. ಯಾರಾದರೂ ತಮ್ಮ ಆಫೀಸಿನ ಅಥವಾ ಕಾಲೇಜಿನ ಇಮೇಲ್ ಹಾಕಿದ್ದರೆ ಕೀ ಆ ಸಂಸ್ಥೆಯ ಕಂಪ್ಯೂಟರ್ ವಿಭಾಗದವರ ಬಳಿ ಇರುತ್ತದೆ.

ಕಾಳಿ_ಕಿನಾರೆ (ಕಾರವಾರ)

ಹೊನ್ನಾವರದವರು ಕೀಯ ವಿಷಯವನ್ನು ಪೂರ್ತಿಯಾಗಿ ಹೇಳಿದ್ದಾರೆ. ಕಾರವಾರದಲ್ಲಿ ಕಂಪ್ಯೂಟರ್ ರಿಪೇರಿಯೇ ನನ್ನ ಕಸುಬಾದ್ದರಿಂದ ನಾನು ಡಿಸ್ಕಿನ ವಿಷಯ ಹೇಳುತ್ತೇನೆ. ಕೀ ಸಿಕ್ಕ ಕೂಡಲೇ ಆ ಡ್ರೈವನ್ನು ತೆರೆದು ಫೈಲುಗಳನ್ನು ಎಳೆದು ಹಾಕಿಕೊಳ್ಳಲು ಮನಸ್ಸು ತವಕಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕ್ಲಿಕ್ ಮಾಡಿದಾಗ ಕಂಪ್ಯೂಟರು ನಿಂತುಬಿಡುತ್ತದೆ ಎಂದರೆ ಡಿಸ್ಕಿನ ಕೆಲವು ಸೆಕ್ಟರುಗಳು, ಅಂದರೆ ದತ್ತಾಂಶ ಕೂರುವ ಸಣ್ಣ ತುಂಡುಗಳು, ಓದಲು ಬರುತ್ತಿಲ್ಲ, ಅದು ಮತ್ತೆ ಮತ್ತೆ ಪ್ರಯತ್ನಿಸುತ್ತಿದೆ ಎಂದರ್ಥ. ಹಾಗೆ ಒದ್ದಾಡಿಸಿದಷ್ಟೂ ಓದುವ ಹೆಡ್ ದುರ್ಬಲವಾಗುತ್ತದೆ.

ಕರಾವಳಿಯ ಡಿಸ್ಕುಗಳಲ್ಲಿ ನಾನು ಮೊದಲು ನೋಡುವುದು ಒಂದು ಸಣ್ಣ ಜಾಗವನ್ನು. ಹಾರ್ಡ್ ಡಿಸ್ಕನ್ನು ಮಗುಚಿ, ಹಸಿರು ಬೋರ್ಡಿನ ನಕ್ಷತ್ರಾಕಾರದ ಸ್ಕ್ರೂಗಳನ್ನು ಬಿಚ್ಚಿ ಬೋರ್ಡನ್ನು ಎತ್ತಿದರೆ, ಒಳಗಿನ ಹೆಡ್ಡಿಗೆ ಸಂಪರ್ಕ ಕೊಡುವ ಸಾಸಿವೆ ಗಾತ್ರದ ಲೋಹದ ಚುಕ್ಕೆಗಳ ಸಾಲು ಕಾಣುತ್ತದೆ. ಉಪ್ಪುಗಾಳಿ ಮತ್ತು ಮಳೆಗಾಲದ ತೇವಕ್ಕೆ ಆ ಚುಕ್ಕೆಗಳು ಕಪ್ಪಾಗಿರುತ್ತವೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಹಗುರವಾಗಿ ಉಜ್ಜಿ, ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಿ ಕೂಡಿಸಿದ ಮೇಲೆ ಎಷ್ಟೋ ಡಿಸ್ಕುಗಳು ಮೊದಲಿನಂತೆ ಓದಿದ್ದನ್ನು ಕಂಡಿದ್ದೇನೆ. ಶಿರಸಿ ಘಟ್ಟದ ಮೇಲಿದ್ದರೂ ಆಷಾಢದ ತೇವ ಅಲ್ಲೇನು ಕಡಿಮೆಯಲ್ಲ. ಆದರೆ ಇದನ್ನು ಕೈ ಪಳಗಿದವರಿಂದಲೇ ಮಾಡಿಸಿ. ಯಾರಾದರೂ ಅದೇ ಮಾದರಿಯ ಬೇರೆ ಡಿಸ್ಕಿನ ಬೋರ್ಡ್ ತಂದು ಕೂಡಿಸುತ್ತೇನೆ ಎಂದರೆ ಒಪ್ಪಬೇಡಿ. ಆ ಡಿಸ್ಕಿಗೇ ಹೊಂದಿಸಿದ ಅಳತೆಗಳು ಬೋರ್ಡಿನ ರೋಮ್ (ROM) ಚಿಪ್ಪಿನಲ್ಲಿ, ಅಂದರೆ ಓದಲಷ್ಟೇ ಬರುವ ಚಿಪ್ಪಿನಲ್ಲಿ ಇರುವುದರಿಂದ, ಆ ಚಿಪ್ಪನ್ನು ಬದಲಿ ಬೋರ್ಡಿಗೆ ವರ್ಗಾಯಿಸದ ಹೊರತು ಅದು ಸಾಮಾನ್ಯವಾಗಿ ಓದುವುದಿಲ್ಲ. ಮುಚ್ಚಳವನ್ನಂತೂ ಮನೆಯಲ್ಲಿ ಯಾರೂ ತೆರೆಯಬಾರದು. ಫ್ರಿಜ್ಜಿನಲ್ಲಿಡಿ ಎನ್ನುವ ಹಳೆಯ ಸಲಹೆಯನ್ನು ಕೇಳಿ ತೇವ ಕೂರಿಸಿ ಡಿಸ್ಕ್ ಕಳೆದುಕೊಂಡವರು ನಮ್ಮ ಊರಿನಲ್ಲೇ ಇದ್ದಾರೆ.

ಆಮೇಲೆ ಇಡೀ ಡಿಸ್ಕಿನ ಇಮೇಜ್ ತೆಗೆಯಬೇಕು. ಇದಕ್ಕೆ ಕೀ ಬೇಕಾಗಿಲ್ಲ. ಬೀಗ ಹಾಕಿದ ಸ್ಥಿತಿಯಲ್ಲಿಯೇ ಸೆಕ್ಟರಿಗೆ ಸೆಕ್ಟರ್ ನಕಲಾಗುತ್ತದೆ. ಡಿಸ್ಕನ್ನು ಲ್ಯಾಪ್‌ಟಾಪಿನಿಂದ ಬಿಚ್ಚಿ, ಲಿನಕ್ಸ್ ಓಡುವ ಕಂಪ್ಯೂಟರಿಗೆ ನೇರವಾಗಿ ಸಾಟಾ ಕೇಬಲಿನಿಂದ ಜೋಡಿಸಿ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ಸಾಧನವನ್ನು ಬಳಸುವುದು ನನ್ನ ಕ್ರಮ. ಅದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಿಸಿಕೊಳ್ಳುವ ಭಾಗವನ್ನೆಲ್ಲ ಎತ್ತಿಕೊಂಡು, ತೊಡಕಿನ ಜಾಗಗಳನ್ನು ಹಾರಿಸಿ, ಕೊನೆಗೆ ಅವುಗಳ ಬಳಿಗೆ ಮರಳುತ್ತದೆ. ಎಲ್ಲಿಯವರೆಗೆ ಓದಿದೆ ಎಂಬುದನ್ನು ಮ್ಯಾಪ್ ಫೈಲಿನಲ್ಲಿ ಬರೆದಿಡುವುದರಿಂದ ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಸಬಹುದು. ಮಳೆಗಾಲದಲ್ಲಿ ನಮ್ಮ ಜಿಲ್ಲೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆರೋಗ್ಯವಂತ 1 ಟಿಬಿ ಡಿಸ್ಕ್ ಸೆಕೆಂಡಿಗೆ 100 ಎಂಬಿಯಂತೆ ಓದಿದರೂ ಮೂರು ತಾಸಿನ ಹತ್ತಿರ ಬೇಕು. ನಿಮ್ಮದಕ್ಕೆ ಹೆಚ್ಚು ಹಿಡಿಯುತ್ತದೆ, ಅವಸರ ಬೇಡ. ಇಮೇಜನ್ನೂ, ಅದರಿಂದ ತೆಗೆದ ಫೈಲುಗಳನ್ನೂ ಇಡಲು 2 ಟಿಬಿಯ ಹೊಸ ಡಿಸ್ಕ್ ತನ್ನಿ.

ಬೀಗದ ಡಿಸ್ಕಿನ ಒಂದು ಸಮಾಧಾನದ ಸಂಗತಿ ಹೇಳುತ್ತೇನೆ. ಒಂದು ಸೆಕ್ಟರ್ ಹಾಳಾದರೆ ಮುಂದಿನದೆಲ್ಲ ಓದಲು ಬರುವುದಿಲ್ಲವೇನೋ ಎಂದು ಜನ ಹೆದರುತ್ತಾರೆ. ಹಾಗಿಲ್ಲ. ವಿಂಡೋಸ್ 10ರ 1511 ಆವೃತ್ತಿಯಿಂದೀಚೆಗೆ ಒಳಗಿನ ಡಿಸ್ಕುಗಳಿಗೆ ಬಿಟ್‌ಲಾಕರ್ ಬಳಸುವುದು ಎಕ್ಸ್‌ಟಿಎಸ್–ಎಇಎಸ್ ವಿಧಾನವನ್ನು, ಮತ್ತು ಅದು ಪ್ರತಿ ಸೆಕ್ಟರನ್ನೂ ಬೇರೆ ಬೇರೆಯಾಗಿ ಗೂಢಗೊಳಿಸುತ್ತದೆ. ಹಾಳಾದ ಸೆಕ್ಟರಿನ ನಷ್ಟ ಅಲ್ಲಿಗೇ ಮುಗಿಯುತ್ತದೆ. ನಿಜವಾಗಿ ಹೆದರಬೇಕಾದದ್ದು ಬೀಗದ ವಿವರಗಳಿರುವ ಜಾಗ ಹಾಳಾದೀತೆಂದು. ಅದರ ಮೂರು ಪ್ರತಿಗಳನ್ನು ಡ್ರೈವಿನ ಮೂರು ಕಡೆ ಇಟ್ಟಿರುತ್ತಾರೆ. ಮೂರೂ ಅಳಿದುಹೋದರೆ 48 ಅಂಕೆಗಳ ಕೀ ಕೈಯಲ್ಲಿದ್ದರೂ ತೆರೆಯಲಾಗದು. ಫಾರ್ಮ್ಯಾಟ್ ಬೇಡವೆಂದು ನಾವೆಲ್ಲ ಒತ್ತಿ ಹೇಳುವುದು ಇದಕ್ಕೇ.

ಇಮೇಜ್ ಆದ ಮೇಲೆ ಹಳೆಯ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಡಿ, ಮುಂದಿನದೆಲ್ಲ ಇಮೇಜಿನ ಮೇಲೆಯೇ ನಡೆಯಲಿ. ಲಿನಕ್ಸಿನ ಕ್ರಿಪ್ಟ್‌ಸೆಟಪ್ ಸಾಧನ 2020ರ 2.3.0 ಆವೃತ್ತಿಯಿಂದ ಬಿಟ್‌ಲಾಕರ್ ಡ್ರೈವುಗಳನ್ನು ತೆರೆಯಬಲ್ಲದು. ಡಿಸ್‌ಲಾಕರ್ ಎಂಬ ಇನ್ನೊಂದೂ ಇದೆ. ಎರಡನ್ನೂ ಓದಲು ಮಾತ್ರ ಎಂಬ ಆಯ್ಕೆಯಲ್ಲಿ ಬಳಸಿ. ಬೀಗದ ವಿವರಗಳಲ್ಲಿ ಒಂದೆರಡು ಪ್ರತಿ ಕೆಟ್ಟು ತೆರೆಯದಿದ್ದರೆ ವಿಂಡೋಸಿನಲ್ಲೇ ಇರುವ 'ರಿಪೇರ್-ಬಿಡಿಇ' ಆಜ್ಞೆ ಉಳಿದ ಪ್ರತಿಯನ್ನು ಹುಡುಕಿ ಇಡೀ ಡ್ರೈವನ್ನು ಬೇರೊಂದು ಡಿಸ್ಕಿಗೆ ಬಿಡಿಸಿ ಬರೆಯುತ್ತದೆ. ಬರೆಸಿಕೊಳ್ಳುವ ಡಿಸ್ಕಿನಲ್ಲಿದ್ದುದೆಲ್ಲ ಅಳಿಸಿಹೋಗುವುದರಿಂದ ಅದು ಖಾಲಿ ಡಿಸ್ಕೇ ಆಗಿರಲಿ. ಸೊರಗಿದ ಡಿಸ್ಕಿನ ಮೇಲೆ ಚೆಕ್‌ಡಿಸ್ಕ್ (ಡಿಸ್ಕನ್ನು ಪರೀಕ್ಷಿಸಿ ತಿದ್ದುವ ವಿಂಡೋಸಿನ ಸಾಧನ) ಓಡಿಸುವುದು, 'ಬಿಟ್‌ಲಾಕರ್ ಆಫ್ ಮಾಡಿ' ಎಂಬುದನ್ನು ಒತ್ತುವುದು ಎರಡೂ ಬೇಡ. ಎರಡನೆಯದು ಎನ್‌ಕ್ರಿಪ್ಟ್ ಆದ ಪ್ರತಿಯೊಂದು ಸೆಕ್ಟರನ್ನೂ ಅಲ್ಲೇ ತಿದ್ದಿ ಬರೆಯಹೊರಡುತ್ತದೆ.

ಡಿಸ್ಕಿನಿಂದ ಕಟಕಟ ಶಬ್ದ ಶುರುವಾದರೆ ನಾನು ಹೇಳಿದ್ದನ್ನೆಲ್ಲ ಬದಿಗಿಟ್ಟು, ಧೂಳಿಲ್ಲದ ಕೋಣೆಯಲ್ಲಿ ಹೆಡ್ ಬದಲಿಸುವ ವ್ಯವಸ್ಥೆ ಇರುವವರಿಗೇ ಕೊಡಿ. ಅವರಿಗೂ ಡಿಸ್ಕ್ ಕೊಡುವ ಮುನ್ನ ಕೀ ಸಿಕ್ಕಿರಬೇಕು. ಅದಿಲ್ಲದೆ ಹೆಡ್ ಬದಲಿಸಲು ಹಣ ಸುರಿಯುವುದು ವ್ಯರ್ಥ.

ಸೋಂದಾ_ವಾಸಿ (ಶಿರಸಿ)

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಲ್ಯಾಪ್‌ಟಾಪನ್ನು ಮೊದಲು ಸಿದ್ಧಗೊಳಿಸಿದವಳು ಬೆಂಗಳೂರಿನಲ್ಲಿರುವ ನನ್ನ ತಂಗಿ. ದೀಪಾವಳಿಗೆ ಬಂದಾಗ ತನ್ನದೇ ಇಮೇಲ್ ಹಾಕಿ ಶುರುಮಾಡಿಕೊಟ್ಟಿದ್ದಳು. ಅವಳ ಖಾತೆಯಲ್ಲಿ ಹಲವು ಕೀಗಳಿದ್ದವು, ಅದರಲ್ಲಿ 'ಎಫ್‌ಡಿವಿ' ಎಂದಿರುವ ಒಂದರ ಕೀ ಐಡಿ ನಾವು ಬರೆದುಕೊಂಡದ್ದಕ್ಕೆ ಸರಿಯಾಗಿ ತಾಳೆಯಾಯಿತು. ಡಿಸ್ಕನ್ನು ಕಾರವಾರದವರು ಹೇಳಿದ ಕ್ರಮದಲ್ಲಿಯೇ ಪರಿಚಯದ ಇಂಜಿನಿಯರ್ ಒಬ್ಬರಿಂದ ಇಮೇಜ್ ಮಾಡಿಸಿದೆವು. ಚುಕ್ಕೆಗಳು ನೀವು ಹೇಳಿದಂತೆಯೇ ಕಪ್ಪಾಗಿದ್ದವು.

ಆದರೆ ಈಗ ಕೀ ಹಾಕಿದರೆ ತಪ್ಪಾಗಿದೆ ಎನ್ನುತ್ತಿದೆ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲದ್ದರಿಂದ ತಂಗಿ ಲ್ಯಾಂಡ್‌ಲೈನಿನಲ್ಲಿ ಓದಿ ಹೇಳಿದಳು, ಅಪ್ಪಯ್ಯ ತಮ್ಮ ರೂಢಿಯಂತೆ ಕನ್ನಡ ಅಂಕೆಗಳಲ್ಲಿ ಬರೆದುಕೊಂಡರು. ಅವಳೀಗ ಪ್ರಯಾಣದಲ್ಲಿದ್ದಾಳೆ, ನಾಡಿದ್ದಿನವರೆಗೆ ಸಿಗುವುದಿಲ್ಲ. ಇದು ಕೀಯ ದೋಷವೋ, ಇಮೇಜಿನ ದೋಷವೋ ತಿಳಿಯುವುದು ಹೇಗೆ?

ಶರಾವತಿ_ದಂಡೆ (ಹೊನ್ನಾವರ)

ಕೀಯನ್ನು ಇಲ್ಲಿ ಹಾಕದೆ ಇದ್ದುದು ಒಳ್ಳೆಯದಾಯಿತು, ಹಾಕಲೂಬೇಡಿ. ಅದನ್ನು ಪರೀಕ್ಷಿಸಲು ಅಪ್ಪಯ್ಯನವರೇ ಸಾಕು, ಏಕೆಂದರೆ ಅದರಲ್ಲಿ ಅವರ ಗಣಿತವೇ ಇದೆ. 48 ಅಂಕೆಗಳು ಆರಾರರ ಎಂಟು ಗುಂಪುಗಳಾಗಿವೆಯಲ್ಲ, ಪ್ರತಿ ಗುಂಪೂ 11ರಿಂದ ನಿಶ್ಶೇಷವಾಗಿ ಭಾಗವಾಗಬೇಕು ಮತ್ತು 720885ನ್ನು ಮೀರಬಾರದು. ಗುಂಪಿನ ಒಂದು, ಮೂರು, ಐದನೆಯ ಅಂಕೆಗಳನ್ನು ಕೂಡಿಸಿ. ಎರಡು, ನಾಲ್ಕು, ಆರನೆಯವನ್ನು ಕೂಡಿಸಿ. ವ್ಯತ್ಯಾಸ 0 ಅಥವಾ 11ರ ಗುಣಕವಾಗಿರಬೇಕು. ಉದಾಹರಣೆಗೆ ನಾನೇ ಕಲ್ಪಿಸಿದ ಒಂದು ಗುಂಪು ೪೧೮೦೬೬ ಎಂದಿರಲಿ. 4, 8, 6 ಸೇರಿ 18. 1, 0, 6 ಸೇರಿ 7. ವ್ಯತ್ಯಾಸ 11, ಆದ್ದರಿಂದ ಗುಂಪು ಸರಿ. ಕೊನೆಯ ೬ನ್ನು ೯ ಎಂದು ಓದಿ ೪೧೮೦೬೯ ಮಾಡಿದರೆ ವ್ಯತ್ಯಾಸ 8 ಬಂದು ತಪ್ಪು ಹೊರಬೀಳುತ್ತದೆ. ಒಂದು ಅಂಕೆ ತಪ್ಪಿದರೂ, ಅಕ್ಕಪಕ್ಕದ ಬೇರೆ ಬೇರೆ ಎರಡು ಅಂಕೆಗಳು ಅದಲುಬದಲಾದರೂ ಈ ಪರೀಕ್ಷೆ ಹಿಡಿಯುತ್ತದೆ. ಕನ್ನಡ ಅಂಕೆಗಳಲ್ಲಿ ಬರೆದ ಮೇಲೆ ನಾನು ಮೊದಲು ಸಂಶಯಪಡುವುದು ೬ ಮತ್ತು ೯ ಇರುವ ಜಾಗಗಳನ್ನು. ಎಂಟೂ ಗುಂಪುಗಳು ಪರೀಕ್ಷೆಯಲ್ಲಿ ಗೆದ್ದು, ಅಷ್ಟಾದರೂ ತೆರೆಯದಿದ್ದರೆ ಮಾತ್ರ ಇಮೇಜಿನ ಕಡೆ ನೋಡೋಣ.

ಸೋಂದಾ_ವಾಸಿ (ಶಿರಸಿ)

ತೆರೆಯಿತು! ಐದನೆಯ ಗುಂಪು ಪರೀಕ್ಷೆಗೆ ನಿಲ್ಲಲಿಲ್ಲ. ಅಪ್ಪಯ್ಯ ಬರೆದದ್ದು ಸರಿಯೇ ಇತ್ತು, ಟೈಪು ಮಾಡುವಾಗ ಅವರ ೯ ನಮಗೆ ೬ರಂತೆ ಕಂಡಿತ್ತು. ತಿದ್ದಿ ಹಾಕಿದೊಡನೆ ಇಡೀ ಡ್ರೈವ್ ತೆರೆದುಕೊಂಡಿತು. ಕೆಲವು ಫೈಲುಗಳು ತೆರೆಯುತ್ತಿಲ್ಲ, ಒಂದೆರಡು ಮುದ್ರಣಗಳ ನಡುವೆ ಕ್ಷಣಕಾಲ ದನಿ ಹರಿದಂತಾಗಿ ಮತ್ತೆ ಮುಂದುವರಿಯುತ್ತದೆ. ಉಳಿದವೆಲ್ಲ ಮೊದಲಿನಂತೆಯೇ ಇವೆ. ಅಪ್ಪಯ್ಯ ನಿನ್ನೆ ರಾತ್ರಿ ಹಳೆಯ ಭಾಗವತರೊಬ್ಬರ ಪದ್ಯವನ್ನು ಕೇಳುತ್ತ, ಊಟಕ್ಕೆ ಕರೆದರೂ ಏಳಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಹೊಸ ಡಿಸ್ಕಿಗೆ ಈ ಬೀಗ ಬೇಕೇ, ಬೇಡವೇ? ತಂಗಿ ಬೇಕು ಎನ್ನುತ್ತಾಳೆ, ನನಗೆ ಹೆದರಿಕೆ.

ಗಂಗಾವಳಿ (ಅಂಕೋಲಾ)

ಇದುವರೆಗೆ ಓದುತ್ತಲಿದ್ದೆ, ಈ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಬ್ಯಾಂಕಿನ ಕಾಗದ, ಆಧಾರ್ ಪ್ರತಿ, ಸೊಸೈಟಿಯ ಲೆಕ್ಕ ಇರುವ ಲ್ಯಾಪ್‌ಟಾಪಿಗೆ ಬೀಗ ಇರಲೇಬೇಕು. ಬಸ್ಸಿನಲ್ಲೋ ರೈಲಿನಲ್ಲೋ ಕಳುವಾದರೆ ಆಗ ಅದರ ಬೆಲೆ ತಿಳಿಯುತ್ತದೆ. ತಾಳಮದ್ದಳೆಯ ಧ್ವನಿಮುದ್ರಣಗಳ ಮಾತು ಬೇರೆ. ಊರೆಲ್ಲ ಕುಳಿತು ಕೇಳಿದ ದನಿಯಲ್ಲಿ ಬಚ್ಚಿಡಬೇಕಾದದ್ದು ಏನೂ ಇಲ್ಲ. ಅವಕ್ಕಿರುವ ಅಪಾಯ ಕಳ್ಳರದ್ದಲ್ಲ, ಕಳೆದುಹೋಗುವುದರದ್ದು. ಅವನ್ನು ಬೀಗವಿಲ್ಲದ ಎರಡು ಬೇರೆ ಬೇರೆ ಡಿಸ್ಕುಗಳಿಗೆ ಹಾಕಿ, ಒಂದನ್ನು ಬೆಂಗಳೂರಿನ ತಂಗಿಯ ಮನೆಯಲ್ಲಿಡಿ. ಮಳೆ, ಸಿಡಿಲು ಎರಡೂ ಕಡೆ ಒಂದೇ ದಿನ ಬರಲಾರವು.

ಹೊಸದಾಗಿ ವಿಂಡೋಸ್ ಹಾಕಿದ ಆ ಲ್ಯಾಪ್‌ಟಾಪಿನಲ್ಲಿ ಸಿ ಡ್ರೈವಿಗೆ ಈಗಾಗಲೇ ಮತ್ತೊಂದು ಬೀಗ ಬಿದ್ದಿರಬಹುದು, ಮತ್ತು ಈ ಬಾರಿ ಅದರ ಕೀ ಅಂಗಡಿಯವರು ಬಳಸಿದ ಖಾತೆಗೆ ಹೋಗಿರಲೂಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಮ್ಯಾನೇಜ್-ಬಿಡಿಇ' ಆಜ್ಞೆಯಿಂದ ಡ್ರೈವಿನ ಸ್ಥಿತಿಯನ್ನು ನೋಡಿ. ಎನ್‌ಕ್ರಿಪ್ಟ್ ಆಗಿದೆ ಎಂದು ತೋರಿಸಿದರೆ ಅದೇ ಆಜ್ಞೆಯ ಪ್ರೊಟೆಕ್ಟರ್ಸ್ ಆಯ್ಕೆಯಲ್ಲಿ 48 ಅಂಕೆಗಳೂ ಕಾಣುತ್ತವೆ. ಕಾಗದದ ಮೇಲೆ ಮುದ್ರಿಸಿ ಮನೆಯ ಆಸ್ತಿಪತ್ರಗಳ ಜೊತೆಗೆ ಇಡಿ, ತಂಗಿಗೊಂದು ಪ್ರತಿ ಕೊಡಿ. ಲ್ಯಾಪ್‌ಟಾಪಿನ ಅಡಿಭಾಗದಲ್ಲಿ ಕೀ ಐಡಿಯನ್ನು ಮಾತ್ರ ಬರೆದು ಚೀಟಿ ಅಂಟಿಸಿ, ಕೀಯನ್ನು ಅಲ್ಲಿ ಬರೆಯಬೇಡಿ.